ಗೆಜ್ಜೆಯಂಗಿ ಮತ್ತು ಫಲಕ

ಸಾವಿರ ಗೆಜ್ಜೆ ಪೋಣಿಸಿದ ಅಂಗಿಯೊಂದು ಕಲಾ ಗ್ಯಾಲರಿಯಲ್ಲಿ ನಿಂತಿತ್ತು. ಯಾರಾದರೂ ತೊಟ್ಟು ನಡೆದರೆ ಮಾತ್ರ ಆ ಗೆಜ್ಜೆಗಳಿಗೆ ದನಿ. ಎದುರಿಗೆ "ಮುಟ್ಟಬೇಡಿ" ಎಂಬ ಫಲಕವಿತ್ತು.

"ನನ್ನ ಗೆಜ್ಜೆ ಉಲಿದು ಆರು ತಿಂಗಳಾಯಿತು," ಎಂದಿತು ಅಂಗಿ. "ಗೆಜ್ಜೆಗಳಿಗೆ ಕಿಲುಬು ಹಿಡಿಯುತ್ತಿದೆ. ಹೀಗೇ ನಿಂತರೆ ದನಿಯೇ ಹೋದೀತು."

"ನಾನಿಲ್ಲದಿದ್ದರೆ ನೀನು ಗೂಟದ ಮೇಲಿನ ಬಟ್ಟೆ ಕಣಯ್ಯಾ," ಎಂದಿತು ಫಲಕ. "ಜನ ಕೈಕಟ್ಟಿ ನಿಲ್ಲುವುದು ನನ್ನನ್ನು ಓದಿ."

ಅಷ್ಟರಲ್ಲಿ ಅಂಗಿಯನ್ನು ಮಾಡಿದ ಕಲಾವಿದೆ ಬಂದು ಅದಕ್ಕೆ ಕೈಹಾಕಿದಳು.

"ಬೋರ್ಡು ಕಾಣಿಸಲ್ವೇನಮ್ಮಾ?" ಎಂದು ಕಾವಲುಗಾರ ಗದರಿದ.

"ಬರೆದವಳೇ ನಾನಪ್ಪಾ. ಬರೆದದ್ದೇ ತಪ್ಪಾಯಿತು," ಎಂದವಳೇ ಫಲಕವನ್ನು ಕಿತ್ತು ಅಂಗಿಯ ಬೆನ್ನಿಗೆ ಕಟ್ಟಿ, ಅಂಗಿ ತೊಟ್ಟು ಪೇಟೆಬೀದಿಗೆ ಇಳಿದಳು. ಗೆಜ್ಜೆಗಳೆಲ್ಲ ಒಟ್ಟಿಗೆ ಮಾತಾಡಿದವು. "ಮುಟ್ಟಬೇಡಿ" ದಾರಿಯುದ್ದಕ್ಕೂ ಎಲ್ಲರ ಮೈಗೆ ತಗುಲುತ್ತ ಹೋಯಿತು.