ಹಲಗೆಯ ಆಳ

"ಗುರುಗಳೇ, ಜನರೆಲ್ಲ ಈರಯ್ಯನ ಪ್ರವಚನಕ್ಕೇ ಬರುತ್ತಾರೆ. ಅವನು ಅರ್ಥ ತಪ್ಪಾಗಿ ಹೇಳುತ್ತಾನೆಂದು ನಾಲ್ಕು ಜನರ ಕಿವಿಗೆ ಹಾಕಿದರೆ, ನನ್ನ ಕಡೆಗೂ ಕೆಲವರು ಬರುವುದಿಲ್ಲವೇ?"

ಕೇಳಿದವನು ಶಿಷ್ಯ ಚನ್ನಮಲ್ಲ. ಅವನೂ ಈರಯ್ಯನೂ ಒಟ್ಟಿಗೆ ಕಲಿತವರು. ಒಂದೇ ಮಠದಲ್ಲಿ ದಿನ ಬಿಟ್ಟು ದಿನ ಪ್ರವಚನ ಮಾಡುತ್ತಿದ್ದವರು. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಶಾಲೆಯಲ್ಲಿ ಟೀಚರು ಉದ್ದನೆಯ ಮರದ ಪೆಟ್ಟಿಗೆಗೆ ಮಣ್ಣು ತುಂಬಿ, ನಡುವೆ ಒಂದು ಹಲಗೆ ಸಿಕ್ಕಿಸಿದರು. ಹಲಗೆ ಮಣ್ಣಿನೊಳಗೆ ನಾಲ್ಕು ಬೆರಳಿನಷ್ಟೇ ಇಳಿದಿತ್ತು. ಹುಳಗಳು ಅದರ ಅಡಿಯಿಂದ ನುಸುಳಿ ತಮಗೆ ಇಷ್ಟವಾದ ಕಡೆಗೆ ಹೋಗಲಿ ಎಂದೇ ಹಾಗೆ ಮಾಡಿದ್ದರು. ಅತ್ತ ಹತ್ತು, ಇತ್ತ ಹತ್ತು ಎರೆಹುಳು ಬಿಟ್ಟರು. ಒಂದು ಕಡೆಗೆ ಅಂಗಡಿಯವನ ಮಗಳು ಆಹಾರ ಹಾಕಬೇಕು, ಇನ್ನೊಂದು ಕಡೆಗೆ ಕುಂಬಾರನ ಮಗಳು. ಯಾರ ಆಹಾರಕ್ಕೆ ಹೆಚ್ಚು ಹುಳ ಬರುತ್ತವೆಯೋ ಅವಳು ಪೆಟ್ಟಿಗೆಯೊಂದಿಗೆ ತಾಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಹೋಗಬೇಕು.

ಅಂಗಡಿಯವನ ಮಗಳು ಬೆಲ್ಲ, ಅನ್ನ, ತುಪ್ಪ ಹಚ್ಚಿದ ಹೋಳಿಗೆ ಹಾಕಿದಳು. ಕುಂಬಾರನ ಮಗಳು ಹಳೆಯ ಸಗಣಿ, ಕೊಳೆತ ತರಗೆಲೆ ಹಾಕಿದಳು. ಶನಿವಾರ ಮಣ್ಣು ಕೆದಕಿ ಎಣಿಸಿದರೆ ಅಂಗಡಿಯವನ ಮಗಳ ಕಡೆ ಆರು ಹುಳ, ಆ ಕಡೆ ಹದಿನಾಲ್ಕು. ಅವಳು ಹೋಳಿಗೆಯನ್ನು ಇಮ್ಮಡಿ ಮಾಡಿದಳು. ಅದು ಹುಳಿತು ನಾರಿತು. ಮುಂದಿನ ಶನಿವಾರ ಉಳಿದದ್ದು ಮೂರು.

"ನೀನು ಬೀಗರ ಊಟವನ್ನೇ ಹಾಕಿದ್ದೀಯಲ್ಲೇ," ಎಂದು ಕುಂಬಾರನ ಮಗಳು ನಕ್ಕಳು. "ಆದರೂ ನಿನ್ನ ಹುಳಗಳಿಗೆ ನಮ್ಮ ತಿಪ್ಪೆಯೇ ತವರುಮನೆ, ನೋಡು!"

ಆ ನಗು ಅಂಗಡಿಯವನ ಮಗಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಪ್ರದರ್ಶನಕ್ಕೆ ತಾನೇ ಹೋಗುವವಳೆಂದು ಅವಳು ಮನೆಯಲ್ಲಿ ಆಗಲೇ ಹೇಳಿಬಿಟ್ಟಿದ್ದಳು. ತನ್ನ ಹುಳ ಹೋದದ್ದಕ್ಕಿಂತ ಅವು ಯಾರ ಕಡೆ ಹೋದವು ಎಂಬುದೇ ಅವಳನ್ನು ಸುಡುತ್ತಿತ್ತು. ಸೋಮವಾರ ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯ ನೀರನ್ನು ಒಂದು ಸೀಸೆಯಲ್ಲಿ ತಂದಳು. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಅದನ್ನು ಹಲಗೆಯ ಆಚೆಗೆ ಸುರಿದಳು.

ಎರೆಹುಳುವಿನ ಮೈಗೆ ಉಪ್ಪು ಬೆಂಕಿ. ಮರುದಿನ ಅವಳು ಮೆಲ್ಲಗೆ ಮಣ್ಣು ಸರಿಸಿ ನೋಡಿದಳು. ಹುಳಗಳೆಲ್ಲ ಅವಳ ಕಡೆಗೆ ಬಂದು ಗಂಟುಗಟ್ಟಿದ್ದವು. ಎಣಿಸಿದಳು, ಇಪ್ಪತ್ತು! ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

ಮಣ್ಣು ಒಣಗದಿರಲೆಂದು ಟೀಚರು ದಿನವೂ ಬೆಳಿಗ್ಗೆ ಪೆಟ್ಟಿಗೆಗೆ ನೀರು ಚಿಮುಕಿಸುತ್ತಿದ್ದರು. ಹುಳಗಳು ಬಂದ ದಾರಿಯಲ್ಲೇ, ಹಲಗೆಯ ಅಡಿಯಿಂದ, ಉಪ್ಪೂ ಬಂತು. ಹುಳಗಳು ಆ ದಾರಿಯಲ್ಲಿ ನುಸುಳುವುದನ್ನು ಎರಡು ವಾರದಿಂದ ಎಣಿಸಿ ಎಣಿಸಿ ಹೊಟ್ಟೆಯುರಿದುಕೊಂಡವಳು ಅವಳೇ. ಆದರೂ ನೀರೂ ಅಲ್ಲಿಂದಲೇ ಬರುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿನ ಕಣ್ಣಿಗೆ ಆಚೆಯ ಕಡೆ ಮಾತ್ರ ಕಾಣುತ್ತದೆ.

ಶನಿವಾರ ಟೀಚರು ಮಣ್ಣು ಕೆದಕಿದರು. ಇಪ್ಪತ್ತು ಹುಳವೂ ಅಂಗಡಿಯವನ ಮಗಳ ಕಡೆಯಲ್ಲೇ ಸತ್ತು ಬಿದ್ದಿದ್ದವು. ಅವರು ಒಂದು ಹಿಡಿ ಮಣ್ಣನ್ನು ಮೂಸಿ ನೋಡಿ ಕೆಳಗಿಟ್ಟರು. ಪೆಟ್ಟಿಗೆ ಪ್ರದರ್ಶನಕ್ಕೆ ಹೋಗಲಿಲ್ಲ.

ಕುಂಬಾರನ ಮಗಳು ಕಣ್ಣೊರೆಸಿಕೊಂಡು ಗೆಳತಿಯ ಕೈ ಹಿಡಿದಳು. "ಪಾಪ, ಎಲ್ಲವೂ ನಿನ್ನ ಕಡೆಗೇ ಬಂದಿದ್ದವಲ್ಲೇ," ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಕಾದ. ಆಗ ಅವರು ಕೇಳಿದರು:

"ಈರಯ್ಯನ ಮೇಲೆ ನೀನು ಸುರಿಯಬೇಕೆಂದಿರುವ ಮಾತು ಯಾವ ಹಲಗೆಗೆ ತಡೆದು ನಿಲ್ಲುತ್ತದೆ, ಮಗು?"

ಚನ್ನಮಲ್ಲ ತಲೆ ತಗ್ಗಿಸಿದ.