ಕುಡಿಯಲೊಲ್ಲದ ಕಾಳಿನ ರಾಜ

ಹಳೆಯ ಇಂಗ್ಲೆಂಡಿನಲ್ಲಿ ಥಾರ್ನ್‌ಬೆಕ್ ಎಂಬ ಊರು. ಅದರ ಒಡೆಯ ಫುಲ್ಕ್ ದೊರೆ ಎಂಜಲು ಕೈಯಲ್ಲಿ ಕಾಗೆ ಓಡಿಸಿದವನಲ್ಲ. ಆದರೂ ಕ್ರಿಸ್‌ಮಸ್ ಕಳೆದ ಹನ್ನೆರಡನೆಯ ದಿನ ಊರಿಗೆಲ್ಲ ಔತಣ ಹಾಕದೆ ಅವನಿಗೆ ಗತಿಯಿರಲಿಲ್ಲ. ವರ್ಷವಿಡೀ ಅವನ ಹೊಲ ಉತ್ತವರಿಗೆ ಅವತ್ತು ಹೊಟ್ಟೆತುಂಬ ಊಟ, ಜವೆಗೋಧಿ ಹೆಂಡ. ಅದು ತಾತನ ಕಾಲದ ಕಟ್ಟಳೆ.

ಜೊತೆಗೆ ಇನ್ನೊಂದು ಕಟ್ಟಳೆ. ದೊಡ್ಡ ಕೇಕಿನೊಳಗೆ ಒಂದೇ ಒಂದು ಅವರೆಕಾಳು ಹುದುಗಿಸಿಡುತ್ತಿದ್ದರು. ಅದು ಯಾರ ತುಂಡಿನಲ್ಲಿ ಸಿಕ್ಕಿತೋ ಅವನು ಹೊತ್ತು ಮುಳುಗುವವರೆಗೆ ರಾಜ. ರಾಜ ಬಟ್ಟಲೆತ್ತಿದಾಗಲೆಲ್ಲ ಮಿಕ್ಕವರು "ರಾಜ ಕುಡಿದ!" ಎಂದು ಕೂಗಿ ತಾವೂ ಕುಡಿಯಬೇಕು. ಅವನು ಕುಡಿಯದೆ ಬೇರೆ ಯಾರೂ ತುಟಿ ಒದ್ದೆ ಮಾಡುವಂತಿಲ್ಲ.

ಫುಲ್ಕ್ ದೊರೆಗೆ ಇಷ್ಟೇ ಸಾಕಾಯಿತು. ಅಡುಗೆಯವನಿಗೆ ಕಣ್ಣು ಮಿಟುಕಿಸಿ, ಪ್ರತಿ ವರ್ಷ ಕಾಳು ತನ್ನ ತುಂಡಿಗೇ ಬೀಳುವಂತೆ ಮಾಡಿಕೊಳ್ಳುತ್ತಿದ್ದ. ತಗಡಿನ ಕಿರೀಟ ಇಟ್ಟುಕೊಂಡು ಸಂಜೆಯವರೆಗೆ ಬಾಯಿ ಹೊಲಿದವನಂತೆ ಕೂರುತ್ತಿದ್ದ. ತುಂಬಿದ ಪೀಪಾಯಿಗಳು ತುಂಬಿದಂತೆಯೇ ನೆಲಮಾಳಿಗೆಗೆ ಮರಳುತ್ತಿದ್ದವು. ಊರವರು ಒಣಗಂಟಲಲ್ಲೇ ಜೈಕಾರ ಹಾಕಿ ಮನೆಗೆ ಹೋಗುತ್ತಿದ್ದರು.

ಈ ಸಲವೂ ಕಾಳು ದೊರೆಗೇ ಸಿಕ್ಕಾಗ ಆಸ್ಥಾನದ ವಿದೂಷಕ ಹಾಬ್‌ಗೆ ತಡೆಯಲಾಗಲಿಲ್ಲ. ಇಂಥ ರಾಜನಿಗಿಂತ ಬತ್ತಿದ ಬಾವಿ ವಾಸಿ, ಅದು ಕಿರೀಟ ಇಟ್ಟುಕೊಳ್ಳುವುದಿಲ್ಲ ಎಂದುಬಿಟ್ಟ.

ದೊರೆ ಮೀಸೆ ತಿರುವಿದ. "ಸತ್ತರೂ ಈ ಹೆಂಡದ ಒಂದು ಹನಿ ನನ್ನ ಗಂಟಲಿಗೆ ಇಳಿಯುವುದಿಲ್ಲ. ಇಳಿಸಿದೆಯೋ, ಪೀಪಾಯಿಗಳೆಲ್ಲ ಊರಿನವು. ಇಲ್ಲವೋ, ಸಂಜೆಗೆ ನಿನ್ನ ಗಂಟುಮೂಟೆ ಹೊರಗೆ."

ಹಾಬ್ ನಗುತ್ತಲೇ ಒಪ್ಪಿದ. ಆದರೆ ಕಿಟಕಿಯತ್ತ ನೋಡಿದ. ಹೊರಗೆ ಸೊಂಟಮಟ್ಟ ಹಿಮ. ಕೂತರೆ ಏಳಲಾಗದ ಮುದಿ ಕೋಡಂಗಿಯನ್ನು ಯಾವ ಮನೆಯವರು ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಾರೆ?

ದೊರೆಗೆ ಬಾಯಾರಲಿ ಎಂದು ಹಾಬ್ ಮೊದಲು ಉಪ್ಪುಮೀನು ತಂದಿಟ್ಟ. ದೊರೆ ಮೂಸಿ ತಳ್ಳಿದ. ಹಂದಿಮಾಂಸಕ್ಕೆ ಕಣ್ಣೀರು ಬರಿಸುವಷ್ಟು ಸಾಸಿವೆ ಮೆತ್ತಿ ತಂದ. ದೊರೆ ಅದನ್ನು ನಾಯಿಗೆ ಹಾಕಿ, ತಾನು ಬೇಯಿಸಿದ ಟರ್ನಿಪ್ ಗೆಡ್ಡೆ ತಿನ್ನುತ್ತ ಕೂತ. ನಾಯಿ ಮಾತ್ರ ನೀರಿಗಾಗಿ ಅಂಗಳವೆಲ್ಲ ಓಡಾಡಿತು.

ಹಿಮದಲ್ಲಿ ದಾರಿ ಸಿಗದೆ ಅವತ್ತು ಅಲ್ಲಿ ಉಳಿದಿದ್ದ ದೊಡ್ಡ ಅತಿಥಿಯೊಬ್ಬನಿದ್ದ, ಅರ್ಲ್ ಪದವಿಯ ವಾರಿನ್. ಸುತ್ತಲಿನ ಸೀಮೆಗೆಲ್ಲ ಅವನೇ ಹಿರಿಯ, ಹಿಂದೆ ಕತ್ತಿ ಕಟ್ಟಿದ ಭಟರು. ದೊಡ್ಡವರಿಗೆ ಊಟಕ್ಕಿಂತ ವಿಷದ ಯೋಚನೆಯೇ ಹೆಚ್ಚಾಗಿದ್ದ ಕಾಲ ಅದು. ಮನೆಯವರು ಮೊದಲು ರುಚಿ ನೋಡಿದರೇ ಅತಿಥಿಗೆ ಧೈರ್ಯ.

ಹಾಬ್ ಅರ್ಲನ ಬಟ್ಟಲು ತುಂಬಿಸಿದ. ಆತಿಥೇಯ ಯಾಕೆ ಕುಡಿಯುತ್ತಿಲ್ಲ ಎಂದು ಅರ್ಲ್ ಮೆಲ್ಲಗೆ ಕೇಳಿದ. ಹಾಬ್ ಒಂದಕ್ಷರ ಸುಳ್ಳು ಹೇಳಲಿಲ್ಲ.

"ಸತ್ತರೂ ಈ ಹೆಂಡ ಮುಟ್ಟುವುದಿಲ್ಲ ಅಂತ ನಮ್ಮ ದೊರೆ ಆಣೆ ಮಾಡಿದ ಹಾಗೆ ಹೇಳಿದ್ದಾರೆ ಪ್ರಭು. ತಾವು ಸಂಕೋಚ ಮಾಡಬೇಡಿ, ಕುಡಿಯಿರಿ."

ಅರ್ಲ್ ಬಟ್ಟಲು ಕೆಳಗಿಟ್ಟ. ಭಟರ ಕೈ ಕತ್ತಿಯ ಹಿಡಿಗೆ ಹೋಯಿತು.

"ಫುಲ್ಕ್, ಮೊದಲು ನೀನು ಕುಡಿ."

"ನನಗೆ ಹೊಟ್ಟೆ ಸರಿಯಿಲ್ಲ ಪ್ರಭು."

"ನಮ್ಮ ಹೊಟ್ಟೆ ಸರಿಯಾಗಿರಲಿ ಅಂತಲೇ ಹೇಳುತ್ತಿದ್ದೇನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ದೊರೆಯ ಪಾಡು. ತಪ್ಪು ಮಾಡದಿದ್ದರೂ ಬೆವರಿದ, ತೊದಲಿದ. ಕತ್ತಿಯೊಂದು ಒರೆಯಿಂದ ಇಷ್ಟೇ ಇಷ್ಟು ಇಣುಕಿದ ಕೂಡಲೇ ಬಟ್ಟಲೆತ್ತಿ ಗಟಗಟ ಕುಡಿದ.

"ರಾಜ ಕುಡಿದ!" ಸೂರು ಹಾರುವ ಹಾಗೆ ಊರು ಕೂಗಿತು. ಬೀಸುಕಲ್ಲಿನವನು ಕುಡಿದ, ಕುರುಬ ಕುಡಿದ, ಕುರುಬನ ಅತ್ತೆ ಎರಡು ಸಲ ಕುಡಿದಳು.

ಇದು ಮೊದಲ ಪೀಪಾಯಿ, ಮಿಕ್ಕವುಗಳಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂದು ಹಾಬ್ ಗಾಳಿಗೆ ಹೇಳಿದ. ಅರ್ಲ್ ತಲೆಯಾಡಿಸಿದ. ಹೊಸ ಪೀಪಾಯಿ ಬಂದಾಗಲೆಲ್ಲ ದೊರೆ ಮೊದಲು, ಊರು ಆಮೇಲೆ. ಮಧ್ಯಾಹ್ನ ಇಳಿಯುವಷ್ಟರಲ್ಲಿ ಕಿರೀಟ ನಾಯಿಯ ತಲೆಯ ಮೇಲಿತ್ತು. ದೊರೆ ಕುರುಬನ ಅತ್ತೆಯ ಕೈ ಹಿಡಿದು ಗಿರಗಿರ ಕುಣಿಯುತ್ತಿದ್ದ. ಅರ್ಲ್ ನಕ್ಕು ನಕ್ಕು ಬೆಂಚಿನಿಂದ ಬಿದ್ದ.

ಹುಟ್ಟುಗುಣ ಸುಟ್ಟರೂ ಹೋಗದು. ಕುಣಿತ ನಿಂತದ್ದೇ ದೊರೆಗೆ ಖಾಲಿ ಪೀಪಾಯಿಗಳು ಕಂಡವು, ಹೊಟ್ಟೆ ಉರಿಯಿತು. ಪೀಪಾಯಿ ಕೊಡುತ್ತೇನೆ ಎಂದಿದ್ದೆ, ನಿನ್ನನ್ನು ಇಟ್ಟುಕೊಳ್ಳುತ್ತೇನೆ ಎಂದಿರಲಿಲ್ಲ, ಗಂಟು ಕಟ್ಟು ಎಂದು ಹಾಬ್‌ಗೆ ಬಾಗಿಲು ತೋರಿಸಿದ.

ಹಾಬ್ ಮೆಲ್ಲಗೆ ಬಾಗಿದ.

"ಹೊರಡುತ್ತೇನೆ ಒಡೆಯಾ. ಒಂದೇ ಚಿಂತೆ. ಇವತ್ತಿನ ಸುದ್ದಿ ಹಬ್ಬುತ್ತದೆ, ಇನ್ನು ಮೇಲೆ ಯಾವ ಅತಿಥಿ ಬಂದರೂ ಪ್ರತಿ ಪೀಪಾಯಿಯಿಂದ ಮೊದಲು ನೀವೇ ಕುಡಿಯಬೇಕು. ಹಬ್ಬದ ದಿನ ನೀವು ಕುಡಿದರೆ ಊರೂ ಕುಡಿಯುತ್ತದೆ."

ದೊರೆಯ ಅಮಲು ಅರ್ಧ ಇಳಿಯಿತು. ಇದಕ್ಕೆ ದಾರಿಯೇ ಇಲ್ಲವೇ ಎಂದು ಕೇಳಿದ.

"ಇದೆ. ನನ್ನನ್ನು ರುಚಿ ನೋಡುವವನಾಗಿ ಒಲೆಯ ಪಕ್ಕ ಇಟ್ಟುಕೊಳ್ಳಿ. ವಿಷವಿಲ್ಲದಿದ್ದರೆ ನಿಮಗೆ ನಷ್ಟ ಒಂದೇ ಗುಟುಕು. ವಿಷವಿದ್ದರೆ, ನನ್ನ ಆಯುಸ್ಸಿನ ಊಟವೆಲ್ಲ ಉಳಿತಾಯ."

ಫುಲ್ಕ್ ದೊರೆ ಬೆರಳು ಮಡಚಿ ಲೆಕ್ಕ ಹಾಕಿದ. ಎರಡು ಕಡೆಯಿಂದಲೂ ಲಾಭವೇ ಕಂಡಿತು. ಹೊಟ್ಟೆ ಹಿಡಿದು ನಗುತ್ತ, ಒಲೆಯ ಪಕ್ಕ ಮಲಗಿದ್ದ ನಾಯಿಯನ್ನು ಎಬ್ಬಿಸಿ ಹಾಬ್‌ಗೆ ಜಾಗ ಮಾಡಿಕೊಟ್ಟ.