ಎರಡನೆಯ ಎತ್ತು

“ಎರಡೂ ಕಡೆ ಲೆಕ್ಕ ಸಮ ಬಂದರೆ ಸಾಲದೇ, ಸರ್?” ಎಂದು ರೇಣುಕಾ ಕೇಳಿದಳು.

ಅವಳ ಮುಂದೆ ಒಂದು ಬೀಕರು ಸಲ್ಫ್ಯೂರಿಕ್ ಆಮ್ಲವಿತ್ತು. ಚೆಲ್ಲುವ ಮೊದಲು ಆಮ್ಲಕ್ಕೆ ಪ್ರತ್ಯಾಮ್ಲ ಬೆರೆಸಿ ತಟಸ್ಥಗೊಳಿಸಬೇಕು, ಎಂದರೆ ಅದರ ಸುಡುವ ಗುಣವನ್ನು ಕಳೆಯಬೇಕು. ಎಷ್ಟು ಬೆರೆಸಬೇಕೆಂಬುದನ್ನು ಸಮೀಕರಣ ಹೇಳುತ್ತದೆ. ಅವಳು ಹಲಗೆಯ ಮೇಲೆ ಹೀಗೆ ಬರೆದಿದ್ದಳು:

H₂SO₄ + NaOH → NaSO₄ + H₃O

ಪರಮಾಣುಗಳನ್ನು ಎಣಿಸಿದರೆ ಎಡಕ್ಕೂ ಬಲಕ್ಕೂ ಸಮ. ಎರಡೂ ದ್ರಾವಣಗಳ ಸಾರತೆ ಒಂದೇ ಆದ್ದರಿಂದ ಅವಳು ಸಮ ಅಳತೆಯಲ್ಲೇ ಬೆರೆಸಿಯೂ ಆಗಿತ್ತು. ಪಾತ್ರೆ ತೊಳೆಯುವ ಹನುಮವ್ವ ಬರಿಗೈಯಲ್ಲಿ ನಲ್ಲಿಯ ಬಳಿ ಕಾಯುತ್ತಿದ್ದಳು.

ಈರಣ್ಣ ಮೇಷ್ಟ್ರು ಕತೆ ಹೇಳಿದರು.

“ಒಬ್ಬ ರೈತನಿದ್ದ. ಗಾಡಿಯ ತುಂಬ ಬೆಲ್ಲ ಹೇರಿ ಸಂತೆಗೆ ಹೊರಟ. ಗಾಡಿಯ ನೊಗ ಜೋಡೆತ್ತಿನದು, ಎಂದರೆ ಎರಡು ಕುತ್ತಿಗೆಗೆ ಜಾಗವಿದ್ದದ್ದು. ಹಟ್ಟಿಯಲ್ಲಿದ್ದದ್ದು ಒಂದೇ ಎತ್ತು. ನೆರೆಯವನನ್ನು ಕೇಳಿದ್ದರೆ ಇನ್ನೊಂದನ್ನು ಕೊಡುತ್ತಿದ್ದ. ಅಷ್ಟು ದೂರ ನಡೆಯಲು ರೈತನಿಗೆ ಬೇಸರ. ಗರಗಸ ತಂದು ನೊಗವನ್ನು ಅರ್ಧಕ್ಕೆ ಕೊಯ್ದ.

ದಾರಿಯಲ್ಲಿ ಬಡಗಿ ಸಿಕ್ಕ. ‘ಏನಯ್ಯಾ, ನೊಗಕ್ಕೂ ಕ್ಷೌರ ಮಾಡಿಸಿದೆಯಾ?’ ಅಂದ.

‘ಒಂದು ಎತ್ತು, ಒಂದು ಕುತ್ತಿಗೆಯ ಜಾಗ. ಲೆಕ್ಕ ಸರಿಯಿದೆಯಲ್ಲ?’ ಅಂದ ರೈತ.

‘ಲೆಕ್ಕವೇನೋ ಇದೆ, ನೊಗವೇ ಇಲ್ಲವಲ್ಲೋ!’ ಅಂದ ಬಡಗಿ.

ಇಳಿಜಾರಿನಲ್ಲಿ ಗಾಡಿ ವಾಲಿತು. ಬೆಲ್ಲ ಚರಂಡಿ ಸೇರಿತು. ಏನೂ ತಪ್ಪು ಮಾಡದ ಎತ್ತಿನ ಕುತ್ತಿಗೆ ಸೀಳಿ ರಕ್ತ ಬಂತು.”

ರೇಣುಕಾ ಹಲಗೆಯ ಕಡೆ ತಿರುಗಿದಳು. ಆಮ್ಲದಲ್ಲಿ ಎರಡು ಹೈಡ್ರೋಜನ್. ಒಂದು NaOH ಅವುಗಳಲ್ಲಿ ಒಂದನ್ನು ಮಾತ್ರ ನೀರಾಗಿಸಬಲ್ಲದು. ಇನ್ನೊಂದು NaOH ತರುವ ಬದಲು ಅವಳು ಲವಣದ ಸೂತ್ರವನ್ನೂ ನೀರಿನ ಸೂತ್ರವನ್ನೂ ಕೊಯ್ದು ಹೊಂದಿಸಿದ್ದಳು. H₃O ಎಂಬ ನೀರು ಯಾವ ಬಾವಿಯಲ್ಲೂ ಇಲ್ಲ. ನಾಚಿಕೆಯಿಂದ ಅಳಿಸಿ, ಸೂತ್ರಗಳನ್ನು ಮುಟ್ಟದೆ, ಅವುಗಳ ಮುಂದೆ ಅಂಕಿ ಹಾಕಿ ಬರೆದಳು:

H₂SO₄ + 2NaOH → Na₂SO₄ + 2H₂O

“ಈಗ ಸರಿಯಾಯಿತು, ಸರ್,” ಎಂದು ಹಗುರಾಗಿ ಬೀಕರನ್ನು ಎತ್ತಿ ಹನುಮವ್ವನತ್ತ ಚಾಚಿದಳು. ಹನುಮವ್ವ ಕೈ ನೀಡಿದಳು.

ಮೇಷ್ಟ್ರು ಕೇಳಿದರು: “ಹಲಗೆಯ ಮೇಲೆ ಎರಡನೆಯ ಎತ್ತು ಬಂತು, ತಾಯಿ, ಬೀಕರಿನೊಳಗೆ ಬಂತೇ?”